ಚೈನ್ ಜಗ್ಗಿದ ಮೇಲೆ ತಿಳಿದದ್ದು

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಪಟ್ಟಣಕ್ಕೆ ರೈಲಿಲ್ಲ. ನನ್ನ ತವರು ಜೇವರ್ಗಿ, ಕೊಟ್ಟದ್ದು ಅಫಜಲಪುರಕ್ಕೆ, ಕಾಕಾ ಇರೋದು ಆಳಂದದಾಗ. ಎಲ್ಲಿಗೆ ಹೋಗಬೇಕಂದ್ರೂ ಬಸ್ ಹತ್ತಿ ಕಲಬುರಗಿಗೋ, ಗಾಣಗಾಪುರ ರೋಡ್ ಸ್ಟೇಷನ್ನಿಗೋ ಹೋಗಿ ಗಾಡಿ ಹಿಡೀಬೇಕು. ಹಿಂಗಾಗಿ ರೈಲಂದ್ರೆ ನಮ್ಮ ಮಂದಿಗೆ ಗಂಟುಮೂಟೆ, ಅವಸರ, ಗಾಬರಿ.

ಹೋದ ವರ್ಷ ಪುಣೆಯಿಂದ ಬರ್ತಿದ್ವಿ. ನಡುವೆ ಒಂದು ಸ್ಟೇಷನ್ನಿನಾಗ ಮಗ ನೀರು ತರ್ತೀನಂತ ಇಳಿದ. ಗಾಡಿ ಹೊರಟೇ ಬಿಡ್ತು. ಮಗ ಕಾಣಲಿಲ್ಲ. ಹಿಂದುಮುಂದು ನೋಡದೆ ಚೈನ್ ಜಗ್ಗಿಬಿಟ್ಟೆ. ಡಬ್ಬಿ ಕಡೆಯಿಂದ ಸುಂಯ್ ಅಂತ ಸಪ್ಪಳ ಬಂತು, ಗಾಡಿ ನಿಂತಿತು. ಆಮೇಲೆ ನೋಡಿದ್ರೆ ಮಗ ಹಿಂದಿನ ಡಬ್ಬಿ ಹತ್ತಿ, ಬಾಟಲಿ ಹಿಡಕೊಂಡು ಒಳಗಿಂದಲೇ ನಡೆದು ಬರ್ತಿದ್ದ!

ಗಾಡಿ ಮಾತ್ರ ಲಗೂನ ಹೊರಡಲಿಲ್ಲ. ಎದುರಿಗೆ ಕೂತ ಮುತ್ಯಾ ಒಬ್ಬರು ಕಲಬುರಗಿ ದವಾಖಾನೆಗೆ ಹೊಂಟಿದ್ರು. ಘಳಿಗೆಗೊಮ್ಮೆ ಗಡಿಯಾರ ನೋಡೋರು, ನನಗೆ ಒಂದು ಮಾತೂ ಅನ್ನಲಿಲ್ಲ. ದಂಡ ಕಟ್ಟಿದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಮುಂದೆ ಆಳಂದಕ್ಕೆ ಹೋದಾಗ ಕಾಕಾನ ಮುಂದೆ ಹೇಳಿಕೊಂಡೆ. ಅವರು ರೈಲು ಡಬ್ಬಿ ರಿಪೇರಿ ಕೆಲಸದಾಗಿದ್ದು ನಿವೃತ್ತರಾದವರು.

"ನಿಂತ ಗಾಡಿ ಹೊರಡಾಕ ಅಷ್ಟೊತ್ತು ಯಾಕ ಬೇಕು ಕಾಕಾ?"

"ನೀ ಅದರ ಉಸಿರು ಬಿಡಿಸೀದಿ ನೋಡವ್ವ. ಮತ್ತ ತುಂಬಿಕೋಬೇಕಲ್ಲ!"

ನಾವೆಲ್ಲ ತಿಳಿದದ್ದು ಉಲ್ಟಾ ಅದ. ಸೈಕಲ್ ಬ್ರೇಕ್ ಒತ್ತಿದರೆ ಹಿಡೀತದ, ಬಿಟ್ಟರೆ ಬಿಡ್ತದ. ರೈಲಿನದು ಹಂಗಲ್ಲ. ಇಂಜಿನ್ನಿನಿಂದ ಕಡೇ ಡಬ್ಬಿ ತನಕ ಒಂದು ಗಾಳಿ ಪೈಪು ಹೋಗಿರ್ತದ. ಎರಡು ಡಬ್ಬಿ ನಡುವೆ ಜೋತಾಡೋ ರಬ್ಬರ್ ಪೈಪು ಕಾಣ್ತದಲ್ಲ, ಆ ಸಾಲಿನಾಗ ಅದೂ ಒಂದು. ಅದರಾಗ ಒಂದು ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಗಾಳಿ ತುಂಬಿದ್ರೆ ಬ್ರೇಕ್ ಬಿಟ್ಟಿರ್ತದ, ಗಾಡಿ ಓಡ್ತದ. ಡ್ರೈವರ್ ಹಿಡಿಕೆ ತಿರುವಿ ಗಾಳಿ ಹೊರಗೆ ಬಿಟ್ಟರೆ ಪೈಪಿನ ಒತ್ತಡ ಇಳೀತದ. ಆಗ ಪ್ರತಿ ಡಬ್ಬಿ ಕೆಳಗಿನ ವಾಲ್ವ್, ಅಲ್ಲೇ ಟಾಕಿಯಾಗ ಕೂಡಿಟ್ಟ ಗಾಳಿಯನ್ನ ಬ್ರೇಕಿಗೆ ಕಳಿಸ್ತದ. ಹಳೇ ಡಬ್ಬಿಯಾಗ ಬ್ರೇಕ್ ಗಟ್ಟಿ ಗಾಲಿಯನ್ನೇ ಒತ್ತಿ ಹಿಡಿದ್ರೆ, ಹೊಸ ಎಲ್‌ಎಚ್‌ಬಿ ಡಬ್ಬಿಯಾಗ ಅಚ್ಚಿನ ಮೇಲಿನ ಡಿಸ್ಕ್ ಹಿಡೀತದ.

"ಇದರಾಗ ಜಾಣತನ ಏನಂದ್ರ, ಪೈಪು ಒಡೀಲಿ, ಡಬ್ಬಿ ಕಳಚಿ ಹಿಂದ ಉಳೀಲಿ, ಗಾಳಿ ಹೋದ್ರ ಬ್ರೇಕ್ ತಾನೇ ಬೀಳ್ತದ" ಅಂದರು ಕಾಕಾ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಮೊದಲು ಮಾಡಿದ ಗಾಳಿ ಬ್ರೇಕಿನಲ್ಲಿ, ಗಾಳಿ ಕಳಿಸಿದರೆ ಮಾತ್ರ ಬ್ರೇಕ್ ಬೀಳುತ್ತಿತ್ತು. ಪೈಪು ಒಡೆದರೆ ಬ್ರೇಕೇ ಇಲ್ಲ! ಕೆಲವೇ ವರ್ಷದಲ್ಲಿ ಅವನೇ ಅದನ್ನು ಉಲ್ಟಾ ಮಾಡಿದ. ಇವತ್ತಿಗೂ ರೈಲು ನಡೆಯುವುದು ಅದೇ ತತ್ವದ ಮೇಲೆ.

ಚೈನ್ ಜಗ್ಗಿದಾಗಲೂ ಅದೇ ಪೈಪಿನ ಗಾಳಿ ಹೊರಗೆ ಹೋಗ್ತದ. ಡ್ರೈವರಿಗೆ ಮುಳ್ಳು ಇಳಿದದ್ದು ಕಾಣ್ತದ. ಆಮೇಲೆ ಯಾವ ಡಬ್ಬಿಯಂತ ಹುಡುಕಿ, ಬಿಟ್ಟುಕೊಂಡ ವಾಲ್ವ್ ಮುಚ್ಚಿ, ಇಡೀ ಗಾಡಿಗೆ ಗಾಳಿ ತುಂಬಬೇಕು. ನಾನು ಒಂದು ಕ್ಷಣದಾಗ ಜಗ್ಗಿದ್ದಕ್ಕೆ ಇಷ್ಟೆಲ್ಲ ಕೆಲಸ. ಸರಿಯಾದ ಕಾರಣ ಇಲ್ಲದೆ ಜಗ್ಗಿದರೆ 1989ರ ರೈಲ್ವೆ ಕಾಯ್ದೆಯ 141ನೇ ಕಲಮಿನ ಪ್ರಕಾರ ಒಂದು ವರ್ಷದ ತನಕ ಜೈಲು, ಇಲ್ಲವೆ 1000 ರೂಪಾಯಿ ತನಕ ದಂಡ, ಇಲ್ಲವೆ ಎರಡೂ ಆಗಬಹುದು.

ಬಾಜೂಕ ಕೂತು ಕೇಳ್ತಿದ್ದ ಮಗ, "ಅಂದ್ರ ಬ್ರೇಕ್ ಹಾಕಿದ್ರ ಗಾಡಿ ತಟ್ಟನೆ ನಿಲ್ತದಲ್ಲ ಮುತ್ಯಾ?" ಅಂದ. ಕಾಕಾ ಅವನ ಮಾರಿ ನೋಡಿದರು. ಹುಡುಗ ಗೇಟ್ ಹಾಕಿದಾಗ ಬೈಕ್ ಬಗ್ಗಿಸಿ ದಾಟ್ತಾನಂತ ಅವರ ಕಿವಿಗೂ ಬಿದ್ದಿತ್ತು.

"ಇಲ್ಲ ತಮ್ಮಾ. 110 ಕಿಲೋಮೀಟರ್ ವೇಗದಾಗ ಬರೋ ಗಾಡಿ ಸೆಕೆಂಡಿಗೆ 30 ಮೀಟರ್ ದಾಟ್ತದ. ಎಷ್ಟೇ ಜೋರು ಬ್ರೇಕ್ ಹಾಕಿದ್ರೂ ನಿಲ್ಲಾಕ ಒಂದು ಕಿಲೋಮೀಟರ್ ಹತ್ತಿರ ಬೇಕು. ಕಬ್ಬಿಣದ ಹಳಿ ಮ್ಯಾಲ ಕಬ್ಬಿಣದ ಗಾಲಿ, ಹಿಡಿತ ಕಡಿಮಿ. ಭಾಳ ಒತ್ತಿದ್ರ ಗಾಲಿ ತಿರುಗೂದು ನಿಂತು ಜಾರ್ತದ. ಡ್ರೈವರ್ ನಿನ್ನ ನೋಡ್ತಾನ, ಬ್ರೇಕೂ ಹಾಕ್ತಾನ. ಆದ್ರ ಗಾಡಿ ನಿನ್ನ ದಾಟೇ ನಿಲ್ತದ."

ಮಗ ತಲೆ ತಗ್ಗಿಸಿದ. ನನಗೂ ಮಾತು ಹೊರಡಲಿಲ್ಲ. ಒಂದು ಬಾಟಲಿ ನೀರಿಗೆ ಚೈನ್ ಜಗ್ಗಿದವಳು, ಗೇಟಿನ ಸುದ್ದಿ ಕೇಳಿಯೂ "ಹುಡುಗ್ರು ಹಂಗೇ" ಅಂತ ಸುಮ್ಮನಿದ್ದೆ.

ಈಗ ಮನೆಯಿಂದಲೇ ನೀರು ತುಂಬಿಕೊಂಡು ಹೊರಡ್ತೀವಿ. ಯಾರದೋ ಜೀವಕ್ಕೆ ಬಂದಾಗ ಚೈನ್ ಜಗ್ಗಲು ಹೆದರಬ್ಯಾಡ್ರಿ, ಅದು ಇರೋದೇ ಅದಕ್ಕ. ಗೇಟ್ ಹಾಕಿದಾಗ ಮಾತ್ರ ಬೈಕ್ ಬಂದ್ ಮಾಡಿ ನಿಲ್ಲರಿ. ಮೊನ್ನೆ ಗೇಟಿನಾಗ ಮಗ ತಾನೇ ಕೀಲಿ ತಿರುವಿ ಬೈಕ್ ನಿಲ್ಲಿಸಿದ. ಹಿಂದೆ ಕೂತ ನಾನು ಏನೂ ಹೇಳಬೇಕಾಗಲಿಲ್ಲ.