ಬೆಳಕಿನ ದಾರಿಯಲ್ಲಿ ಸರದಿಯ ನ್ಯಾಯ

ನಗರದ ಕಚೇರಿಗಳನ್ನು ಗಾಜಿನ ಎಳೆಯ ವರ್ತುಲವು ಬೆಸೆದಿರುವಾಗ, ಮಿಂಚಿನಂತೆ ಹರಿಯುವ ಸುದ್ದಿಗೆ ಸರದಿಯೇಕೆ ಎಂದು ಕೇಳುವವರುಂಟು. ವೇಗವೇ ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯ. ಕಾಲುವೆಯ ತಲೆಯಲ್ಲಿರುವವನು ತೂಬನ್ನು ತೆರೆದೇ ಇಟ್ಟರೆ ಕೊನೆಯ ಗದ್ದೆಗೆ ನೀರೆಲ್ಲಿ? ವರ್ತುಲದಲ್ಲಿಯೂ ಮೇಲಿನ ನಿಲ್ದಾಣವು ತಡೆಯಿಲ್ಲದೆ ದತ್ತಾಂಶ ತುಂಬಿದರೆ ಕೆಳಗಿನದಕ್ಕೆ ತೆರಪೇ ಸಿಗದು. 2004ರಲ್ಲಿ ಐಇಇಇ ಸಂಸ್ಥೆಯು ಅಂಗೀಕರಿಸಿದ 802.17 ಎಂಬ ನಿಯಮಾವಳಿ ಇದಕ್ಕೆ ಮದ್ದು ಹೇಳಿತು. ದಟ್ಟಣೆಗೆ ಸಿಕ್ಕ ನಿಲ್ದಾಣವು ನ್ಯಾಯವಾದ ಪ್ರಮಾಣವನ್ನು ಲೆಕ್ಕಹಾಕಿ ಮೇಲಿನವುಗಳಿಗೆ ತಿಳಿಸುತ್ತದೆ. ಅವು ಆ ಮಿತಿಗೆ ಇಳಿಯಬೇಕು. ತಡವನ್ನು ಸಹಿಸದ ಮಾತಿನ ಸಂಚಾರಕ್ಕೆ ಪಾಲನ್ನು ಮೊದಲೇ ಕಾದಿರಿಸಬಹುದು. ದಟ್ಟಣೆ ಕಳೆದ ಮೇಲೆ ಖಾಲಿ ಉಳಿದುದನ್ನು ಯಾರಾದರೂ ಬಳಸಬಹುದು. ದಾರಿಯನ್ನು ಅಗಲಗೊಳಿಸಿದರೆ ಸಾಲದೆ ಎಂಬ ವಾದವೂ ಉಂಟು. ದಾರಿ ಎಷ್ಟು ಅಗಲವಾದರೂ ಮುಂದೆ ನಿಂತವನ ಆಸೆ ಅದಕ್ಕಿಂತ ಅಗಲ. ಕೊನೆಯವನ ಕೂಗು ಮೊದಲಿನವನ ಕೈಯನ್ನು ತಡೆಯಬೇಕು. ಇಲ್ಲವಾದರೆ ಹಂಚಿಕೆಯೆಂಬುದು ಬರಿಯ ಮಾತು.