ಯಂತ್ರ ದುಡಿದರೆ ದುಡ್ಡು ಯಾರದು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ರೈತರಲ್ಲಿ, ಕೂಲಿಕಾರರಲ್ಲಿ, ಓದುವ ಮಕ್ಕಳಲ್ಲಿ ವಿನಂತಿ



ಮೊಬೈಲ್ ತೆರೆದರೆ ಈಗ ಹೊಸದೊಂದು ಮಾತು. ಇನ್ನು ಸ್ವಲ್ಪ ವರ್ಷಕ್ಕೆ ಎಲ್ಲ ಕೆಲಸವನ್ನೂ ಯಂತ್ರವೇ ಮಾಡುತ್ತದಂತೆ, ಬೇಕಾದದ್ದೆಲ್ಲ ಹೇರಳವಾಗಿ ಸಿಗುತ್ತದಂತೆ, ದುಡ್ಡಿಗೆ ಬೆಲೆಯೇ ಇರುವುದಿಲ್ಲವಂತೆ. ಹೇಳುತ್ತಿರುವವರು ಎಲಾನ್ ಮಸ್ಕ್ ಅವರಂಥ ಭಾರೀ ಸಿರಿವಂತರು. (ದುಡ್ಡು ಹೇಗೂ ಬೇಡವಾಗುವುದಾದರೆ ತಮ್ಮ ಷೇರುಗಳನ್ನು ಈಗಲೇ ಹಂಚಿಬಿಡಬಹುದಿತ್ತು. ಆ ಸುದ್ದಿ ಇನ್ನೂ ಬಂದಿಲ್ಲ.) ಯಂತ್ರ ಬಂದರೆ ದುಡ್ಡು ಏನಾಗುತ್ತದೆ ಎಂದು ತಿಳಿಯಲು ನಾವು ಅಷ್ಟು ವರ್ಷ ಕಾಯಬೇಕಿಲ್ಲ, ಪಕ್ಕದ ಸಂಡೂರು ನೋಡಿದರೆ ಸಾಕು.

ಅಲ್ಲಿ ಸುತ್ತಿಗೆಯಲ್ಲಿ ಅದಿರು ಒಡೆದು, ಬುಟ್ಟಿ ಹೊತ್ತು ಸಂಸಾರ ನಡೆಸಿದವರಲ್ಲಿ ನಮ್ಮ ಕಡೆಯವರೂ ಇದ್ದರು. 2003ರ ಆಚೀಚೆ ಚೀನಾದ ಬೇಡಿಕೆಯಿಂದ ಅದಿರಿನ ರೇಟು ಏರಿತು. ಹಿಟಾಚಿ, ಕ್ರಷರ್, ಟಿಪ್ಪರ್ ಸಾಲುಸಾಲಾಗಿ ಬಂದವು. ದುಡ್ಡು ಮಾಯವಾಯಿತೇ? ಕೂಲಿಯ ದುಡ್ಡು ಮಾಯವಾಯಿತು. ಅದಿರಿನ ದುಡ್ಡು ಹೆಲಿಕಾಪ್ಟರ್ ಏರಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ಹೊತ್ತಿಗೆ ಗುಡ್ಡಗಳ ಗುರುತೇ ಸಿಗದಂತಾಗಿತ್ತು.

ಈಗ ನಮ್ಮ ಗುಡ್ಡಗಳ ಮೇಲೆ ಗಾಳಿ ಫ್ಯಾನುಗಳು ಎದ್ದಿವೆ. ಪೂರ್ತಿ ಯಂತ್ರದ ದುಡಿಮೆ ಎಂದರೆ ಇದೇ. ಕೂಲಿ ಕೇಳುವುದಿಲ್ಲ, ಹಬ್ಬಕ್ಕೆ ರಜೆ ಹಾಕುವುದಿಲ್ಲ, ನಡುರಾತ್ರಿಯೂ ತಿರುಗುತ್ತದೆ. ಹಾಗೆಂದು ಕರೆಂಟೇನೂ ಪುಕ್ಕಟೆಯಾಗಿಲ್ಲ, ಯೂನಿಟ್ ಲೆಕ್ಕದಲ್ಲೇ ಮಾರಾಟವಾಗುತ್ತಿದೆ. ಅದೇ ಗುಡ್ಡದ ಕೆಳಗಿನ ತಾಂಡಾದವರು ಮಳೆಗಾಲ ಮುಗಿದೊಡನೆ ಕಾಫಿ ಸೀಮೆಗೋ ಮಂಡ್ಯದ ಕಬ್ಬಿಗೋ ಗುಳೆ ಹೋಗುತ್ತಾರೆ.

ಯಂತ್ರ ಎಷ್ಟೇ ಉತ್ಪಾದಿಸಲಿ, ಇನ್ನೊಂದು ಗುಡ್ಡವನ್ನು, ಇನ್ನೊಂದು ತುಂಗಭದ್ರೆಯನ್ನು ಹುಟ್ಟಿಸಲಾರದು. ನೆಲ, ನೀರು, ಅದಿರು, ಯಂತ್ರ ಕೆಲವರ ಕೈಲಿರುವ ತನಕ ಅವಕ್ಕೆ ಬೆಲೆ ಇದ್ದೇ ಇರುತ್ತದೆ. ಕೂಲಿಯವನ ಹತ್ತಿರ ಮಾರಲಿಕ್ಕಿದ್ದದ್ದು ರಟ್ಟೆಯೊಂದೇ. ಬೆಲೆ ಹೋಗುವುದು ಅದಕ್ಕೆ ಮಾತ್ರ. (ಹಡಗಲಿ ಮಲ್ಲಿಗೆಯ ಮೊಗ್ಗನ್ನು ಇನ್ನೂ ಕೈಯಲ್ಲೇ ಬಿಡಿಸಬೇಕು, ಅಷ್ಟರ ಮಟ್ಟಿಗೆ ಹಡಗಲಿಯವರು ಸದ್ಯಕ್ಕೆ ಬಚಾವು.)

ಯಂತ್ರ ಬೇಡವೆನ್ನಲು ನಮಗೇನು ಹುಚ್ಚೇ? ಮೆಕ್ಕೆಜೋಳದ ಮಷಿನ್ ಬಿಟ್ಟು ಮತ್ತೆ ಕೈಯಲ್ಲಿ ತೆನೆ ಬಿಡಿಸಿ ಎಂದು ಯಾರೂ ಹೇಳುತ್ತಿಲ್ಲ. ಕೇಳುತ್ತಿರುವುದು ಪಾಲು.

ಪಾವಗಡದ ಸೋಲಾರ್ ಪಾರ್ಕ್ ನೋಡಿ. 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಅಲ್ಲಿಯ ರೈತರು ಹೊಲ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಜಾಣತನ. ಆದರೆ ಅದೇ ಹೊಲಗಳಲ್ಲಿ ಕಳೆ ತೆಗೆದು, ಶೇಂಗಾ ಕಿತ್ತು ಬದುಕುತ್ತಿದ್ದ ಭೂಮಿ ಇಲ್ಲದವರಿಗೆ ಆ ಬಾಡಿಗೆಯಲ್ಲಿ ಬಿಡಿಗಾಸೂ ಇಲ್ಲ. ಕುರಿಯವರಿಗೆ ಹುಲ್ಲೂ ಹೋಯಿತು.

ಆದ್ದರಿಂದ ರೈತರೇ, ಹೊಲ ಮಾರಬೇಡಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕಾಸಿದ್ದವರು ಯಾರು ಬೇಕಾದರೂ ಕೊಳ್ಳಬಹುದು. ಏಜೆಂಟರು ಊರೂರು ಸುತ್ತುತ್ತಿದ್ದಾರೆ. ಕೊಡಲೇಬೇಕಿದ್ದರೆ ಗುತ್ತಿಗೆಗೆ ಕೊಡಿ, ಏರುವ ಬಾಡಿಗೆ ಬರೆಸಿಕೊಳ್ಳಿ. ಇನ್ನು ಭೂಮಿ ಇಲ್ಲದವರಿಗೆ: ಗಣಿ ರಾಜಧನದ ಜೊತೆಗೆ ಗಣಿಬಾಧಿತ ಊರುಗಳಿಗೂ ಹಣ ಕಟ್ಟಿಸುವ ಕಾನೂನು 2015ರಲ್ಲಿ ಬಂತು. ಗುಡ್ಡದ ಗಾಳಿಗೂ ಹೊಲದ ಬಿಸಿಲಿಗೂ ಹಾಗೆಯೇ ಆಗಲಿ. ಮಾರಿದ ಪ್ರತಿ ಯೂನಿಟ್ಟಿನಲ್ಲಿ ಇಷ್ಟು ಪೈಸೆ ಎಂದು ಊರಿನ ಪ್ರತಿ ಮನೆಗೂ ಸೇರಲಿ. ಗೃಹಲಕ್ಷ್ಮಿಯ 2,000 ರೂಪಾಯಿ ಬೇಡವೆನ್ನುವುದಿಲ್ಲ. ಅದನ್ನು ನಾಳೆ ಬಂದ ಸರ್ಕಾರ ನಿಲ್ಲಿಸಬಹುದು. ಯೂನಿಟ್ಟಿನ ಪಾಲು ಕಾನೂನಿನಲ್ಲೇ ಹಕ್ಕಾಗಿ ಬರಬೇಕು.

ಮುಂದಿನ ಗ್ರಾಮಸಭೆಗೆ ಈ ಹಾಳೆ ಹಿಡಿದು ಬನ್ನಿ. ನಮ್ಮ ಪಂಚಾಯಿತಿಯಲ್ಲಿ ಎಷ್ಟು ಫ್ಯಾನ್ ಇವೆ, ಯಾವ ಕಂಪನಿಯವು, ತೆರಿಗೆ ಎಷ್ಟು ಕಟ್ಟಿದ್ದಾರೆ, ಬಾಕಿ ಎಷ್ಟು ಎಂದು ಪಿಡಿಒ ಅವರನ್ನು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ.