ಹಡಗು ನಿಲ್ಲುವ ಆ ಒಂದು ಹಗಲು



ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ಹೆಚ್ಚಿನವು ಕೊಚ್ಚಿಗೂ ಗೋವಾ, ಮುಂಬೈಗೂ ನಡುವಿನ ದಾರಿಯಲ್ಲಿ ಇಲ್ಲಿ ತಂಗುವಂಥವು. ಬೆಳಿಗ್ಗೆ ಬಂದು ಸಂಜೆಗೆ ಹೊರಟುಬಿಡುತ್ತವೆ. ಚೆಂಡೆ ಬಾರಿಸಿ, ಯಕ್ಷಗಾನದ ವೇಷಧಾರಿಗಳನ್ನು ನಿಲ್ಲಿಸಿ ಬಂದರಿನಲ್ಲಿ ಚೆಂದದ ಸ್ವಾಗತ ಕೊಡುತ್ತಾರೆ. ಆದರೆ ಗೇಟು ದಾಟಿದ ಮೇಲೆ ಆ ಅತಿಥಿಗಳು ಮಂಗಳೂರಿಗರಾದ ನಮ್ಮ ನಿಮ್ಮ ಕೈಗೆ ಬರುತ್ತಾರೆ. ಅಲ್ಲಿಂದ ಮುಂದಿನ ಸ್ವಾಗತ ಯಾವ ಇಲಾಖೆಯ ಕೆಲಸವೂ ಅಲ್ಲ.

ಅವರ ಹತ್ತಿರ ಇರುವುದು ಕೆಲವೇ ಗಂಟೆ. ಬಸ್ಸಿನಲ್ಲಿ ಹೋದವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಬಾಹುಬಲಿ ನೋಡಿ ಬರುತ್ತಾರೆ. ಉಳಿದವರಿಗೆ ಕುದ್ರೋಳಿ, ಕದ್ರಿ ದೇವಸ್ಥಾನಗಳು, ಸಂತ ಅಲೋಶಿಯಸ್ ಚಾಪೆಲ್, ಮಾರುಕಟ್ಟೆ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಗೋಡೆ, ಮಾಡು ಎನ್ನದೆ ಚಿತ್ರ ತುಂಬಿದ ಆ ಚಾಪೆಲ್ಲಿನಲ್ಲಿ ಕತ್ತೆತ್ತಿ ನಿಂತವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕದ್ರಿಯಲ್ಲಿ 968ನೇ ಇಸವಿಯ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಇಂಥವನ್ನು ಇಟ್ಟುಕೊಂಡಿರುವ ಊರು, ಬಂದವರನ್ನು ಒಂದು ಮಾಲ್‌ಗೆ, ಒಂದು ಕಮಿಷನ್ ಅಂಗಡಿಗೆ ತಳ್ಳಿ ವಾಪಸು ಕಳಿಸಬಾರದು. ಇಷ್ಟೇ ನನ್ನ ಒತ್ತಾಯ.

ರಿಕ್ಷಾ ಚಾಲಕ ಮಿತ್ರರೇ, ಪಣಂಬೂರಿನಿಂದ ನಗರದ ನಡುವಿನ ಹಂಪನಕಟ್ಟೆಗೆ ಸುಮಾರು ಹತ್ತು ಕಿಲೋಮೀಟರು. ಹೋಗುವ ಮೊದಲೇ ಬಾಡಿಗೆ ಹೇಳಿ, ಹೇಳಿದಷ್ಟೇ ತೆಗೆದುಕೊಳ್ಳಿ. ವಾಪಸಾಗುವಾಗ ಕೂಳೂರು ಸೇತುವೆಯ ಹತ್ತಿರ ವಾಹನಗಳ ಸಾಲು ನಿಂತರೆ ಎಷ್ಟು ಹೊತ್ತು ಹಿಡಿಯುತ್ತದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ತಡವಾದವರಿಗೆ ಹಡಗು ಕಾಯುವುದಿಲ್ಲ, ಅದು ಅವರಿಗೂ ಗೊತ್ತು. ಆ ಆತಂಕವನ್ನು ದುಡ್ಡು ಮಾಡಿಕೊಳ್ಳುವ ದಾರಿಯಾಗಿಸಬೇಡಿ. ಹೊತ್ತಿಗೆ ಮುಂಚೆ ಗೇಟು ಮುಟ್ಟಿಸಿ.

ಗೇರುಬೀಜದ ಕಾರ್ಖಾನೆಗೂ ಪ್ರವಾಸಿಗರನ್ನು ಕರೆದೊಯ್ಯುತ್ತಾರೆ. ಕೈಯಂತ್ರದ ಮುಂದೆ ಕುಳಿತ ಹೆಂಗಸಿನ ಬೆರಳುಗಳನ್ನು ಹತ್ತಿರದಿಂದ ನೋಡಿದ್ದೀರಾ? ಸಿಪ್ಪೆಯ ಸೊನೆ ಚರ್ಮವನ್ನು ಸುಡದಿರಲೆಂದು ಎಣ್ಣೆ ಹಚ್ಚಿಕೊಂಡಿರುತ್ತಾಳೆ. ಒಂದು ಕೈ ಬೀಜ ಇಡುತ್ತದೆ, ಕಾಲು ಪೆಡಲು ಒತ್ತುತ್ತದೆ, ಬಿರಿದ ಸಿಪ್ಪೆಯಿಂದ ತಿರುಳು ಮುರಿಯದೆ ಹೊರಗೆ ಬರಬೇಕು. ಇಡೀ ಬೀಜಕ್ಕೆ ಒಂದು ಬೆಲೆ, ಹೋಳಿಗೆ ಇನ್ನೊಂದು. ಆ ಲೆಕ್ಕ ಅವಳ ಬೆರಳ ತುದಿಯಲ್ಲಿದೆ. ಸುತ್ತ ನಿಂತು ಹತ್ತಾರು ಕ್ಯಾಮರಾ ಹಿಡಿದಾಗ ಅವಳು ತಲೆ ತಗ್ಗಿಸುತ್ತಾಳೆ. ಗೈಡ್‌ಗಳೇ, ಫೋಟೋ ತೆಗೆಯುವ ಮೊದಲು ಅವಳನ್ನು ಒಂದು ಮಾತು ಕೇಳಿಸಿ. ಅವಳು ಏನು ಮಾಡುತ್ತಿದ್ದಾಳೆಂದು ಬಿಡಿಸಿ ಹೇಳಿ. ಅವಳು ಬೇಡವೆಂದರೆ ಫೋಟೋ ಬೇಡ. ಅದೇ ಮಾತು ನಮಗೂ ಅನ್ವಯಿಸುತ್ತದೆ. ಬೀದಿಯಲ್ಲಿ ಕಂಡ ವಿದೇಶಿ ಹೆಣ್ಣುಮಕ್ಕಳನ್ನು ಸೆಲ್ಫಿಗಾಗಿ ಸುತ್ತುಗಟ್ಟುವುದನ್ನು ದಯವಿಟ್ಟು ಬಿಡೋಣ. ನಮ್ಮ ಮಗಳನ್ನು ಪರವೂರಿನಲ್ಲಿ ಯಾರಾದರೂ ಹಾಗೆ ಸುತ್ತುವರಿದರೆ ನಾವು ಸಹಿಸುವುದಿಲ್ಲ.

ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಜಾಗವನ್ನು ತೋರಿಸಿ ಎಂದು ಕೇಳುತ್ತೇನೆ: ನಮ್ಮ ಹಳೇ ಬಂದರ್. ದೊಡ್ಡ ಹಡಗುಗಳು 1970ರ ದಶಕದಿಂದ ಪಣಂಬೂರಿಗೆ ಹೋಗಿರಬಹುದು, ಆದರೆ ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಜಲ್ಲಿ ಹೊರುವ ಮಂಜಿ ದೋಣಿಗಳು ತುಂಬುವುದು ಇನ್ನೂ ಅಲ್ಲೇ. ಪಕ್ಕದ ಧಕ್ಕೆಯಲ್ಲಿ ಬೆಳಗಿನ ಮೀನಿನ ಏಲಂ ಇದೆ. ಈ ಊರಿನ ಕಡಲ ವ್ಯಾಪಾರ ಬಹಳ ಹಳೆಯದು: ಹನ್ನೆರಡನೇ ಶತಮಾನದಲ್ಲಿ ಟುನೀಸಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ನಮ್ಮ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿ ವ್ಯಾಪಾರ ಮಾಡಿದ. ಅವನ ಕೆಲಸದಾಳು ಬೊಮ್ಮ, ಒಡೆಯನ ಸರಕಿನ ಜೊತೆ ಏಡನ್ನಿಗೆ ಹೋಗಿದ್ದ. ಇದು ಗೊತ್ತಾದದ್ದು ಕೈರೋದ ಹಳೆಯ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಉಳಿದ ಕಾಗದಗಳಿಂದ. ಕಡಲ ಮೇಲಿಂದ ಬಂದ ಅಪರಿಚಿತನಿಗೆ ನೆಲೆ ಕೊಟ್ಟ ಊರು ನಮ್ಮದು. ಈ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಬಲ್ಲ ಕಾಲೇಜು ಮಕ್ಕಳು ನಗರದ ತುಂಬ ಇದ್ದಾರೆ. ಇತಿಹಾಸ ವಿಭಾಗದ ಅಧ್ಯಾಪಕರು ಹಡಗು ಬರುವ ದಿನಗಳ ಪಟ್ಟಿ ತರಿಸಿಕೊಂಡು ನಾಲ್ಕು ವಿದ್ಯಾರ್ಥಿಗಳನ್ನು ತಯಾರು ಮಾಡಬಾರದೇ?

ಪ್ರಯಾಣಿಕರ ಜೊತೆಗೆ ಇನ್ನೊಂದು ವರ್ಗದ ಜನ ಇಳಿಯುತ್ತಾರೆ. ಅವರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಹಡಗಿನ ಅಡುಗೆಯವರು, ಕೋಣೆ ಗುಡಿಸುವವರು, ಎಂಜಿನ್ ಕೋಣೆಯವರು. ಫಿಲಿಪೈನ್ಸ್, ಇಂಡೋನೇಷ್ಯಾದವರ ಜೊತೆ ನಮ್ಮ ಕರಾವಳಿಯ ಹುಡುಗರೂ ಅವರಲ್ಲಿ ಇರುತ್ತಾರೆ. ಎರಡು ಮೂರು ಗಂಟೆಯ ಬಿಡುವು. ಅಷ್ಟರಲ್ಲಿ ಮನೆಗೊಂದು ವಿಡಿಯೊ ಕರೆ, ಬಿಸಿ ಊಟ, ಒಂದು ಸಾಬೂನು ಪೇಸ್ಟು ಕೊಳ್ಳುವುದು. ಹೋಟೆಲ್ ನಡೆಸುವವರೇ, ಅವರು ಚಹಾ ಕುಡಿದು ಸ್ವಲ್ಪ ಹೆಚ್ಚು ಹೊತ್ತು ಕೂತರೆ ಎಬ್ಬಿಸಬೇಡಿ. ವೈಫೈ ಪಾಸ್‌ವರ್ಡ್ ಕೇಳಿದರೆ ಕೊಡಿ. ನೀರ್ ದೋಸೆ, ಗೋಳಿಬಜೆ, ಬನ್ಸ್ ಏನೆಂದು ತಿಳಿಯದೆ ನಿಂತಿದ್ದರೆ ಅರ್ಧ ನಿಮಿಷ ವಿವರಿಸಿ, ಖಾರ ಎಷ್ಟೆಂದು ಮೊದಲೇ ಹೇಳಿ.

ನಗರಪಾಲಿಕೆಗೂ ಒಂದು ಮಾತು. ಬರುವವರಲ್ಲಿ ಬಹಳಷ್ಟು ಮಂದಿ ವಯಸ್ಸಾದವರು, ಊರುಗೋಲು ಹಿಡಿದವರು. ಚಪ್ಪಡಿ ಕಿತ್ತುಹೋದ ಫುಟ್‌ಪಾತಿನ ಅಂಚಿನಲ್ಲಿ ಹೆಂಡತಿಯ ತೋಳು ಹಿಡಿದು, ಇಳಿಯುವುದೋ ಬೇಡವೋ ಎಂದು ನಿಂತುಬಿಡುವ ಮುದುಕರನ್ನು ಹಂಪನಕಟ್ಟೆಯಲ್ಲಿ ಕಾಣಬಹುದು. ಅದೇ ಚಪ್ಪಡಿಯ ಮೇಲೆ ವರ್ಷವಿಡೀ ನಮ್ಮ ಅಪ್ಪ ಅಮ್ಮ ನಡೆಯುತ್ತಾರೆ. ಮುಂದಿನ ಋತುವಿನ ಮೊದಲ ಹಡಗು ಬರುವುದರೊಳಗೆ ಹಂಪನಕಟ್ಟೆಯಿಂದ ಬಂದರ್ ತನಕ ಆ ಗುಂಡಿಗಳನ್ನು ಮುಚ್ಚಿಸಿ, ಮಾರುಕಟ್ಟೆಯ ಹತ್ತಿರ ಹೆಂಗಸರು ಹೋಗಬಹುದಾದ ಒಂದು ಶುಚಿಯಾದ ಶೌಚಾಲಯ ತೆರೆಯಿಸಿ. ವಾರ್ಡಿನ ನಾಗರಿಕರು ನಾವು ಸಹಿ ಹಾಕಿ ಅರ್ಜಿ ಕೊಡೋಣ, ಕೆಲಸ ಆಗುವ ತನಕ ಬೆನ್ನು ಹತ್ತೋಣ.